ಮರೆತುಹೋದ ಬ್ಯಾಂಕ್ ಖಾತೆಯ ಹಣವನ್ನು ಹುಡುಕಿ ಪಡೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ತಾಯಿ ತೀರಿಕೊಂಡ ಮೇಲೆ ಅವರ ಕಬ್ಬಿಣದ ಟ್ರಂಕಿನ ತಳದಲ್ಲಿ, ಹಳೆಯ ಪಂಚಾಂಗವೊಂದರ ಹಾಳೆಗಳ ನಡುವೆ, ಎರಡು ಪಾಸ್‌ಬುಕ್ಕುಗಳು ಸಿಕ್ಕವು. ಒಂದಕ್ಕೆ ಶಾಲೆಯ ಪುಸ್ತಕಕ್ಕೆ ಹಾಕುವಂತೆ ಕಂದು ಕಾಗದದ ಹೊದಿಕೆ ಹಾಕಿದ್ದರು. ಅದರ ಕೊನೆಯ ನಮೂದು ನೀಲಿ ಶಾಯಿಯ ಕೈಬರಹದಲ್ಲಿ, 1998ರದ್ದು. ಮುಖಪುಟದ ಮೇಲಿದ್ದ ಹೆಸರಿನ ಬ್ಯಾಂಕ್ ಈಗ ಇಲ್ಲ. ಶಾಖೆ ಇದ್ದ ಕಟ್ಟಡದಲ್ಲಿ ಔಷಧಿ ಅಂಗಡಿ ಇದೆ. ಆ ಹಣ ನಮ್ಮ ಕೈಸೇರಲು ಏಳು ತಿಂಗಳು ಹಿಡಿಯಿತು. ಅದರಲ್ಲಿ ಹೆಚ್ಚಿನ ಕಾಲ ಹೋದದ್ದು ಯಾರೋ ತಡೆದರೆಂದಲ್ಲ, ಯಾವುದನ್ನು ಯಾರ ಬಳಿ ಕೇಳಬೇಕೆಂಬುದು ನಮಗೆ ತಿಳಿದಿರಲಿಲ್ಲ ಎಂಬ ಕಾರಣಕ್ಕೆ. ಅಂದಿನಿಂದ ನೆಂಟರು, ನೆರೆಯವರು, ಅವರ ಪರಿಚಯದವರು ನನ್ನನ್ನು ಕೇಳುತ್ತಾ ಬಂದಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಬಹಳ ಕಾಲ ಮುಟ್ಟದ ಖಾತೆಯನ್ನು ಬ್ಯಾಂಕ್ ಮುಚ್ಚಿಬಿಡುತ್ತದೆಯೇ?

ಮುಚ್ಚುವುದಿಲ್ಲ. ಉಳಿತಾಯ ಖಾತೆಯಲ್ಲಾಗಲಿ ಚಾಲ್ತಿ ಖಾತೆಯಲ್ಲಾಗಲಿ ಗ್ರಾಹಕರ ಕಡೆಯಿಂದ ಎರಡು ವರ್ಷಕ್ಕೂ ಮೀರಿ ಯಾವ ವಹಿವಾಟೂ ನಡೆಯದಿದ್ದರೆ ಅದನ್ನು ‘ನಿಷ್ಕ್ರಿಯ ಖಾತೆ’ ಎಂದು ಗುರುತಿಸಲಾಗುತ್ತದೆ, ಅಷ್ಟೆ. ಬ್ಯಾಂಕ್ ತಾನಾಗಿ ಜಮಾ ಮಾಡುವ ಬಡ್ಡಿ ಅಥವಾ ತಾನಾಗಿ ಕಳೆಯುವ ಶುಲ್ಕ ಗ್ರಾಹಕರ ವಹಿವಾಟು ಎನಿಸಿಕೊಳ್ಳುವುದಿಲ್ಲ. ಆದ್ದರಿಂದ ಪ್ರತಿ ವರ್ಷ ಬಡ್ಡಿ ಬೀಳುತ್ತಿದ್ದರೂ ಖಾತೆ ನಿಷ್ಕ್ರಿಯವಾಗಬಹುದು. ನಿಷ್ಕ್ರಿಯ ಎಂದು ಗುರುತಿಸುವುದರ ಉದ್ದೇಶ ಬೇರೆ ಯಾರೂ ಸದ್ದಿಲ್ಲದೆ ಹಣ ತೆಗೆಯದಂತೆ ಕಾಯುವುದು. ರಿಸರ್ವ್ ಬ್ಯಾಂಕ್ 2024ರ ಜನವರಿ 1ರಂದು ಹೊರಡಿಸಿ ಅದೇ ವರ್ಷ ಏಪ್ರಿಲ್ 1ರಿಂದ ಜಾರಿಗೆ ತಂದ ಸೂಚನೆಗಳ ಪ್ರಕಾರ, ಇಂಥ ಖಾತೆಯಲ್ಲಿ ಕನಿಷ್ಠ ಮೊತ್ತ ಇಲ್ಲವೆಂದು ದಂಡ ಹಾಕುವಂತಿಲ್ಲ, ಖಾತೆಯನ್ನು ಮತ್ತೆ ಚಾಲ್ತಿಗೆ ತರಲು ಶುಲ್ಕ ಕೇಳುವಂತಿಲ್ಲ, ಉಳಿತಾಯ ಖಾತೆಯ ಬಡ್ಡಿಯನ್ನು ನಿಲ್ಲಿಸುವಂತೆಯೂ ಇಲ್ಲ.

ಹತ್ತು ವರ್ಷ ದಾಟಿದರೆ ಹಣ ಸರ್ಕಾರದ ಪಾಲಾಗುತ್ತದೆ ಎನ್ನುತ್ತಾರೆ. ನಿಜವೇ?

ಇದು ಎಲ್ಲಕ್ಕಿಂತ ಹೆಚ್ಚು ಹರಡಿರುವ ತಪ್ಪು ತಿಳಿವಳಿಕೆ, ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡುವಂಥದ್ದೂ ಹೌದು. ಏಕೆಂದರೆ ಇದನ್ನು ನಂಬಿದವರು ಹುಡುಕುವುದನ್ನೇ ಬಿಡುತ್ತಾರೆ. ಖಾತೆಯನ್ನು ಹತ್ತು ವರ್ಷ ಬಳಸದಿದ್ದರೆ, ಅಥವಾ ನಿಶ್ಚಿತ ಠೇವಣಿಯ ಅವಧಿ ಮುಗಿದು ಹತ್ತು ವರ್ಷವಾದರೂ ಯಾರೂ ಕೇಳದಿದ್ದರೆ, ಬ್ಯಾಂಕ್ ಆ ಮೊತ್ತವನ್ನು ರಿಸರ್ವ್ ಬ್ಯಾಂಕಿನ ‘ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿ’ಗೆ ವರ್ಗಾಯಿಸುತ್ತದೆ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ ಸೇರಿಸಲಾದ 26ಎ ವಿಧಿಯ ಅಡಿಯಲ್ಲಿ 2014ರ ಮೇ ತಿಂಗಳಿನಲ್ಲಿ ಈ ನಿಧಿ ಜಾರಿಗೆ ಬಂದಿತು. ಅಷ್ಟರಲ್ಲಾಗಲೇ ಹತ್ತು ವರ್ಷ ಕಳೆದಿದ್ದ ಹಳೆಯ ಖಾತೆಗಳ ಹಣವೂ ಆಗ ಅದಕ್ಕೆ ಸೇರಿತು. ಆದರೆ ಹಣದ ಮೇಲಿನ ಹಕ್ಕು ಖಾತೆದಾರರದ್ದೇ, ಅವರು ಇಲ್ಲವಾದರೆ ಅವರ ವಾರಸುದಾರರದ್ದೇ ಆಗಿ ಉಳಿಯುತ್ತದೆ. ಅದನ್ನು ಕೇಳಲು ಕಾಲಮಿತಿ ಇಲ್ಲ. ಕೇಳಬೇಕಾದದ್ದು ರಿಸರ್ವ್ ಬ್ಯಾಂಕನ್ನಲ್ಲ, ಖಾತೆ ಇದ್ದ ಬ್ಯಾಂಕನ್ನೇ: ಅದು ಮೊದಲು ನಿಮಗೆ ಹಣ ಕೊಟ್ಟು, ಆಮೇಲೆ ನಿಧಿಯಿಂದ ತಾನು ವಾಪಸು ಪಡೆಯುತ್ತದೆ.

ಹೀಗೆ ಉಳಿದಿರುವ ಹಣ ಎಷ್ಟು?

ಸಾರ್ವಜನಿಕ ವಲಯದ ಬ್ಯಾಂಕುಗಳೇ 2023ರ ಫೆಬ್ರುವರಿ ಅಂತ್ಯದ ವೇಳೆಗೆ 35,012 ಕೋಟಿ ರೂಪಾಯಿಯನ್ನು ನಿಧಿಗೆ ವರ್ಗಾಯಿಸಿದ್ದವು; ಇದು 10.24 ಕೋಟಿ ಖಾತೆಗಳಿಗೆ ಸೇರಿದ ಹಣ ಎಂದು ಸಂಸತ್ತಿಗೆ ಉತ್ತರ ನೀಡಲಾಗಿತ್ತು. ಅದರಲ್ಲಿ ಕೆನರಾ ಬ್ಯಾಂಕಿನ ಪಾಲು 4,558 ಕೋಟಿ. 2024ರ ಮಾರ್ಚ್ 31ಕ್ಕೆ ಎಲ್ಲ ಬ್ಯಾಂಕುಗಳದ್ದೂ ಸೇರಿ ನಿಧಿಯ ಮೊತ್ತ 78,213 ಕೋಟಿ ರೂಪಾಯಿಗೆ ಏರಿತ್ತು. ಮೊದಲಿನ ಲೆಕ್ಕವನ್ನು ಭಾಗಿಸಿ ನೋಡಿದರೆ ಒಂದು ಖಾತೆಗೆ ಸರಾಸರಿ ಮೂರೂವರೆ ಸಾವಿರಕ್ಕೂ ಕಡಿಮೆ. ಇದು ಬಹುಮಟ್ಟಿಗೆ ಸಾಧಾರಣ ಜನರು ಕೂಡಿಟ್ಟ ಸಣ್ಣ ಸಣ್ಣ ಹಣ ಎಂಬುದು ಇದರಿಂದಲೇ ತಿಳಿಯುತ್ತದೆ: ಊರು ಬದಲಾದ ನೌಕರರು, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು, ಮಕ್ಕಳಿಗೆ ಹೇಳದೆಯೇ ತೀರಿಕೊಂಡ ಹಿರಿಯರು.

ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕು?

ಕಂಪ್ಯೂಟರಿನ ಮುಂದೆ ಕೂರುವ ಮೊದಲು ಮನೆಯೊಳಗೆ ಹುಡುಕಿ. ಹಳೆಯ ತಲೆಮಾರಿನವರು ಬ್ಯಾಂಕಿನ ಕಾಗದಗಳನ್ನು ಬೀರುವಿನಲ್ಲಿ ಮಾತ್ರ ಇಡುತ್ತಿರಲಿಲ್ಲ. ರೇಷ್ಮೆ ಸೀರೆಯ ಮಡಿಕೆ, ದೇವರ ಕೋಣೆಯ ಪೆಟ್ಟಿಗೆ, ಜಮೀನಿನ ಪತ್ರಗಳ ಕಟ್ಟು, ಜಾತಕಗಳ ಚೀಲ, ಗೋಡೆಗೆ ತೂಗುಹಾಕಿದ ದೇವರ ಪಟದ ಹಿಂಬದಿ, ಇವೆಲ್ಲವನ್ನೂ ನೋಡಿ. ಪಾಸ್‌ಬುಕ್ಕೇ ಸಿಗಬೇಕೆಂದಿಲ್ಲ. ಠೇವಣಿ ರಸೀದಿ, ಹರಿದ ಚೆಕ್ ಪುಸ್ತಕದ ಅಡಿಪ್ರತಿ, ಬ್ಯಾಂಕಿನಿಂದ ಬಂದ ಅಂಚೆ ಕಾರ್ಡು, ಹಣ ಕಟ್ಟಿದ ಚಲನ್ನಿನ ಚೂರು, ಯಾವುದಾದರೂ ಸರಿ. ಅದರಲ್ಲಿ ಬ್ಯಾಂಕಿನ ಹೆಸರು, ಶಾಖೆ, ಖಾತೆ ಸಂಖ್ಯೆ ಈ ಮೂರರಲ್ಲಿ ಎರಡು ಸಿಕ್ಕರೂ ಅರ್ಧ ಕೆಲಸ ಮುಗಿದಂತೆ.

ಕಾಗದ ಏನೂ ಸಿಗದಿದ್ದರೆ ನೆನಪನ್ನು ಕೆದಕಬೇಕು. ತಂದೆಯವರು ಯಾವ ಯಾವ ಊರಿನಲ್ಲಿ ಕೆಲಸದಲ್ಲಿದ್ದರು, ಸಂಬಳ ಯಾವ ಬ್ಯಾಂಕಿಗೆ ಬರುತ್ತಿತ್ತು, ಸಾಲ ಎಲ್ಲಿ ತೆಗೆದಿದ್ದರು, ಅಡಿಕೆಯನ್ನೋ ಹತ್ತಿಯನ್ನೋ ಮಾರಿದ ಹಣವನ್ನು ಎಲ್ಲಿ ಹಾಕುತ್ತಿದ್ದರು ಎಂಬುದನ್ನು ಚಿಕ್ಕಪ್ಪ, ಸೋದರಮಾವ, ಅತ್ತೆ, ಅವರ ಜೊತೆ ಕೆಲಸ ಮಾಡಿದವರು ಇವರನ್ನು ಕೇಳಿ, ಊರು ಮತ್ತು ವರ್ಷದ ಸಮೇತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಈ ಹಾಳೆ ಮುಂದೆ ಪ್ರತಿ ಹಂತದಲ್ಲೂ ಬೇಕಾಗುತ್ತದೆ.

ಪಾಸ್‌ಬುಕ್ಕಿನ ಮೇಲಿರುವ ಬ್ಯಾಂಕೇ ಈಗ ಇಲ್ಲ. ಏನು ಮಾಡಬೇಕು?

ಕರ್ನಾಟಕದವರಿಗೆ ಈ ಪ್ರಶ್ನೆ ಬೇರೆಯವರಿಗಿಂತ ಹೆಚ್ಚಾಗಿ ಎದುರಾಗುತ್ತದೆ. ನಮ್ಮ ನಾಡಿನಲ್ಲಿ ಹುಟ್ಟಿ, ನಮ್ಮ ಹಿರಿಯರ ಬಾಯಲ್ಲಿ ಮನೆಮಾತಾಗಿದ್ದ ಹಲವು ಬ್ಯಾಂಕುಗಳು ಕೆಲವೇ ವರ್ಷಗಳ ಅಂತರದಲ್ಲಿ ಬೇರೆ ಬ್ಯಾಂಕುಗಳೊಳಗೆ ಸೇರಿಹೋದವು. ಬ್ಯಾಂಕ್ ವಿಲೀನವಾದಾಗ ಅದರ ಠೇವಣಿಗಳ ಹೊಣೆಯೂ ಹೊಸ ಬ್ಯಾಂಕಿನ ಮೇಲೆಯೇ ಬೀಳುತ್ತದೆ. ಆದ್ದರಿಂದ ಹಳೆಯ ಹೆಸರು ಈಗ ಯಾವ ಹೆಸರಾಗಿದೆ ಎಂಬುದು ತಿಳಿದರೆ ಸಾಕು.

1913ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ, ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆದ ಮೈಸೂರು ಬ್ಯಾಂಕ್, 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಕಲಬುರಗಿ, ರಾಯಚೂರು, ಬೀದರ್ ಕಡೆಯವರು ಬಳಸುತ್ತಿದ್ದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಕೂಡ ಅದೇ ದಿನ ಅಲ್ಲಿಗೇ ಸೇರಿತು. 1931ರಲ್ಲಿ ಮಂಗಳೂರಿನಲ್ಲಿ ಆರಂಭವಾದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಿಂದ ಬ್ಯಾಂಕ್ ಆಫ್ ಬರೋಡಾ ಆಗಿದೆ. 2020ರ ಏಪ್ರಿಲ್ 1ರಂದು ಉಡುಪಿ ಮೂಲದ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೂ, 1906ರಲ್ಲಿ ಉಡುಪಿಯಲ್ಲೇ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೂ ಹೋದವು. ಬೆಂಗಳೂರಿನ ವೈಶ್ಯ ಬ್ಯಾಂಕ್ ಮೊದಲು ಐಎನ್‌ಜಿ ವೈಶ್ಯ ಆಗಿ, 2015ರಲ್ಲಿ ಕೋಟಕ್ ಮಹೀಂದ್ರಾ ಬ್ಯಾಂಕಿಗೆ ಸೇರಿತು. ಬೆಳಗಾವಿ ಕಡೆಯ ಮನೆಗಳಲ್ಲಿ ಸಾಂಗ್ಲಿ ಬ್ಯಾಂಕಿನ ಪುಸ್ತಕ ಸಿಕ್ಕರೆ ಐಸಿಐಸಿಐ ಬ್ಯಾಂಕಿಗೂ, ಲಕ್ಷ್ಮೀ ವಿಲಾಸ್ ಬ್ಯಾಂಕಿನದ್ದಾದರೆ ಡಿಬಿಎಸ್ ಬ್ಯಾಂಕಿಗೂ ಹೋಗಬೇಕು.

ಗ್ರಾಮೀಣ ಬ್ಯಾಂಕುಗಳ ದಾರಿ ಇನ್ನೂ ಉದ್ದ. ಧಾರವಾಡದ ಹಳೆಯ ಮಲಪ್ರಭಾ ಗ್ರಾಮೀಣ ಬ್ಯಾಂಕ್ 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಯಿತು. ಅದು 2025ರ ಮೇ 1ರಿಂದ, ಬಳ್ಳಾರಿಯಲ್ಲಿ ಮುಖ್ಯ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಗಿದೆ. ಪ್ರಗತಿ ಕೃಷ್ಣಾ ಮತ್ತು ಕಾವೇರಿ ಗ್ರಾಮೀಣ ಬ್ಯಾಂಕುಗಳು 2019ರಲ್ಲೇ ಒಂದಾಗಿದ್ದವು. ಈಗ ರಾಜ್ಯಕ್ಕೆಲ್ಲ ಇರುವುದು ಒಂದೇ ಗ್ರಾಮೀಣ ಬ್ಯಾಂಕ್. ಹೀಗಾಗಿ ಹಳೆಯ ಯಾವ ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್ ಸಿಕ್ಕರೂ ವಿಚಾರಿಸಬೇಕಾದ ಬಾಗಿಲು ಅದೊಂದೇ.

ಹಳೆಯ ಶಾಖೆಯೂ ಮುಚ್ಚಿರಬಹುದು, ಇಲ್ಲವೇ ಪಕ್ಕದ ಶಾಖೆಯೊಡನೆ ಸೇರಿರಬಹುದು. ಹೊಸ ಬ್ಯಾಂಕಿನ ಸಮೀಪದ ಶಾಖೆಗೆ ಹೋಗಿ ‘ಇಂಥ ಊರಿನ ಇಂಥ ಹಳೆಯ ಶಾಖೆಯ ಖಾತೆಗಳು ಈಗ ಯಾವ ಶಾಖೆಯಲ್ಲಿವೆ’ ಎಂದು ಕೇಳಿ. ಕೈಬರಹದ ಕಾಲದ ಖಾತೆ ಸಂಖ್ಯೆಗಳು ಮೂರು ನಾಲ್ಕು ಅಂಕಿಯವು. ಗಣಕೀಕರಣವಾದಾಗ ಅವು ಬದಲಾಗಿರುತ್ತವೆ. ಆದ್ದರಿಂದ ಹಳೆಯ ಸಂಖ್ಯೆಯನ್ನು ಮಾತ್ರ ಕೊಡದೆ ಹೆಸರು, ವಿಳಾಸ, ಲೆಡ್ಜರ್ ಪುಟದ ಸಂಖ್ಯೆ ಇದ್ದರೆ ಅದನ್ನೂ ಕೊಡಿ.

‘ಉದ್ಗಮ್’ ಎಂದರೇನು? ಅದರಲ್ಲಿ ಹುಡುಕುವುದು ಹೇಗೆ?

ಬೇರೆ ಬೇರೆ ಬ್ಯಾಂಕುಗಳಲ್ಲಿ ಉಳಿದುಹೋದ ಠೇವಣಿಗಳನ್ನು ಒಂದೇ ಕಡೆ ಹುಡುಕಲು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 17ರಂದು ಆರಂಭಿಸಿದ ಜಾಲತಾಣವೇ ಉದ್ಗಮ್. ಆರಂಭದಲ್ಲಿ ಏಳು ಬ್ಯಾಂಕುಗಳ ಮಾಹಿತಿ ಮಾತ್ರ ಇತ್ತು. 2024ರ ಮಾರ್ಚ್ ವೇಳೆಗೆ 30 ಬ್ಯಾಂಕುಗಳು ಸೇರಿ, ನಿಧಿಯಲ್ಲಿರುವ ಹಣದ ಸುಮಾರು ಶೇ. 90ರಷ್ಟು ಅದರ ವ್ಯಾಪ್ತಿಗೆ ಬಂತು. ವಿಳಾಸ: ಉದ್ಗಮ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್.

ಮೊದಲು ನಿಮ್ಮ ಮೊಬೈಲ್ ಸಂಖ್ಯೆ ಮತ್ತು ಹೆಸರಿನಿಂದ ನೋಂದಾಯಿಸಿಕೊಂಡು, ಮೊಬೈಲಿಗೆ ಬರುವ ಒಟಿಪಿಯಿಂದ ಒಳಗೆ ಹೋಗಬೇಕು. ನಂತರ ಖಾತೆದಾರರ ಹೆಸರು ಬರೆದು, ಬ್ಯಾಂಕನ್ನು ಆರಿಸಿ, ಪ್ಯಾನ್, ಮತದಾರರ ಗುರುತಿನ ಚೀಟಿ, ಚಾಲನಾ ಪರವಾನಗಿ, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನಾಂಕ ಇವುಗಳಲ್ಲಿ ಒಂದನ್ನಾದರೂ ಕೊಡಬೇಕು. ಹಳೆಯ ಖಾತೆದಾರರಿಗೆ ಇವು ಯಾವುದೂ ಇಲ್ಲದಿದ್ದರೆ ವಿಳಾಸದ ಮೂಲಕವೂ ಹುಡುಕಬಹುದು. ಅಲ್ಲಿ ಬರೆಯಬೇಕಾದದ್ದು ಖಾತೆ ತೆರೆದಾಗ ಕೊಟ್ಟಿದ್ದ ವಿಳಾಸ, ಈಗಿನದ್ದಲ್ಲ. ಬಹಳ ಜನ ಎಡವುವುದು ಇಲ್ಲಿಯೇ. ಹೆಸರು ಹೊಂದಿಕೆಯಾದರೆ ಆ ಠೇವಣಿಯ ಉಲ್ಲೇಖ ಸಂಖ್ಯೆ ಸಿಗುತ್ತದೆ. ಅದನ್ನು ಬರೆದುಕೊಂಡು ಬ್ಯಾಂಕಿಗೆ ಹೋಗಬೇಕು. ಉದ್ಗಮ್ ಹುಡುಕಿ ತೋರಿಸುತ್ತದೆ, ಹಣ ಕೊಡುವುದಿಲ್ಲ.

ಹೆಸರನ್ನು ಸರಿಯಾಗಿಯೇ ಬರೆದೆ, ಏನೂ ಸಿಗಲಿಲ್ಲ. ಯಾಕೆ?

ಕನ್ನಡದ ಹೆಸರುಗಳಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ನಿಶ್ಚಿತ ಕಾಗುಣಿತ ಇಲ್ಲ. ಖಾತೆ ತೆರೆದ ದಿನ ಕೌಂಟರಿನಲ್ಲಿ ಕುಳಿತಿದ್ದ ಗುಮಾಸ್ತರು ಕಿವಿಗೆ ಕೇಳಿದಂತೆ ಬರೆದುಕೊಂಡದ್ದೇ ಇಂದಿಗೂ ದಾಖಲೆಯಲ್ಲಿ ಕುಳಿತಿದೆ. ಲಕ್ಷ್ಮಮ್ಮ ಎಂಬ ಒಂದು ಹೆಸರಿನಲ್ಲೇ ನಡುವಿನ ಕ್ಷ ಅಕ್ಷರಕ್ಕೆ ಕೆ-ಎಸ್-ಎಚ್ ಇರಬಹುದು, ಬರೀ ಎಕ್ಸ್ ಇರಬಹುದು. ಕೊನೆಯ ಒತ್ತಕ್ಷರಕ್ಕೆ ಒಂದು ಎಮ್ ಇರಬಹುದು, ಎರಡಿರಬಹುದು. ಗೌಡ ಎಂಬುದನ್ನು ಮಂಡ್ಯದಲ್ಲಿ ಒಂದು ಬಗೆಯಾಗಿ, ಗದಗದಲ್ಲಿ ಇನ್ನೊಂದು ಬಗೆಯಾಗಿ ಬರೆಯುತ್ತಾರೆ. ತಿಪ್ಪೇಸ್ವಾಮಿ, ಶಿವಪ್ಪ, ವಿಶ್ವನಾಥ ಇವುಗಳಲ್ಲಿ ವಕಾರಕ್ಕೆ ವಿ ಹಾಕಿದವರೂ ಇದ್ದಾರೆ, ಡಬ್ಲ್ಯು ಹಾಕಿದವರೂ ಇದ್ದಾರೆ. ಥಕಾರದ ಮುಂದಿನ ಎಚ್ ಬಿಟ್ಟವರೂ ಇದ್ದಾರೆ.

ಎರಡನೆಯದು ಇನಿಷಿಯಲ್‌ಗಳ ತೊಡಕು. ದಕ್ಷಿಣದ ಜಿಲ್ಲೆಗಳಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಹೆಸರಿನ ಹಿಂದೆಯೋ ಮುಂದೆಯೋ ಹಾಕುತ್ತಾರೆ. ಪಾಸ್‌ಬುಕ್ಕಿನಲ್ಲಿ ಕೆ. ಎನ್. ರಾಮಯ್ಯ ಇದ್ದವರು ಪ್ಯಾನ್ ಕಾರ್ಡಿನಲ್ಲಿ ರಾಮಯ್ಯ ನಂಜಪ್ಪ ಆಗಿರಬಹುದು. ಹೆಣ್ಣುಮಕ್ಕಳ ಖಾತೆ ಮದುವೆಗೆ ಮುಂಚೆ ತಂದೆಯ ಹೆಸರಿನೊಡನೆ, ಆಮೇಲೆ ಗಂಡನ ಹೆಸರಿನೊಡನೆ ಇರುತ್ತದೆ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಕೆಲವೊಮ್ಮೆ ಮೊದಲು, ಕೆಲವೊಮ್ಮೆ ಕೊನೆಗೆ ಬರುತ್ತದೆ. ನಮ್ಮ ತಾಯಿಯ ಹೆಸರು ನನಗೆ ಸಿಕ್ಕಿದ್ದು ಹನ್ನೊಂದನೆಯ ಪ್ರಯತ್ನದಲ್ಲಿ, ಒಂದು ಎಚ್ ತೆಗೆದ ಮೇಲೆ. ಆದ್ದರಿಂದ ಸಾಧ್ಯವಿರುವ ಕಾಗುಣಿತಗಳನ್ನೆಲ್ಲ ಮೊದಲೇ ಬರೆದುಕೊಂಡು, ಒಂದೊಂದನ್ನೂ ಇನಿಷಿಯಲ್ ಸಹಿತ ಮತ್ತು ರಹಿತ ಹುಡುಕಿ. ಬೇಸರದ ಕೆಲಸ, ಆದರೆ ಇದಕ್ಕೆ ಬದಲಿ ದಾರಿ ಇಲ್ಲ.

ಉದ್ಗಮ್‌ನಲ್ಲಿ ಕಾಣಿಸದಿದ್ದರೆ ಹಣ ಇಲ್ಲವೆಂದೇ ಅರ್ಥವೇ?

ಅಲ್ಲ. ಉದ್ಗಮ್ ತೋರಿಸುವುದು ನಿಧಿಗೆ ವರ್ಗವಾದ, ಅಂದರೆ ಹತ್ತು ವರ್ಷ ದಾಟಿದ ಠೇವಣಿಗಳನ್ನು ಮಾತ್ರ. ಐದು ವರ್ಷದಿಂದ ನಿಷ್ಕ್ರಿಯವಾಗಿರುವ ಖಾತೆ ಅದರಲ್ಲಿ ಇರುವುದೇ ಇಲ್ಲ. ಅದಕ್ಕೆ ನೇರವಾಗಿ ಶಾಖೆಯನ್ನೇ ಕೇಳಬೇಕು. ಉದ್ಗಮ್ ಸೇರದ ಬ್ಯಾಂಕಿನ ಹಣವೂ ಅಲ್ಲಿ ಕಾಣುವುದಿಲ್ಲ. ಪ್ರತಿ ಬ್ಯಾಂಕ್ ತನ್ನ ಜಾಲತಾಣದಲ್ಲಿ ಹಕ್ಕು ಕೇಳದ ಠೇವಣಿದಾರರ ಪಟ್ಟಿಯನ್ನು ಪ್ರಕಟಿಸಬೇಕೆಂಬ ನಿಯಮವಿರುವುದರಿಂದ ಆ ಪಟ್ಟಿಯನ್ನೂ ನೋಡಿ. ಇಂಥ ಪಟ್ಟಿಗಳಲ್ಲಿ ಹೆಸರು ಮತ್ತು ವಿಳಾಸ ಇರುತ್ತವೆ. ಮೊತ್ತ ಎಷ್ಟೆಂದು ಬರೆದಿರುವುದಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಅದು ಒಳ್ಳೆಯದೇ.

ಖಾತೆ ನನ್ನದೇ. ಹಣ ಪಡೆಯಲು ಏನು ಬೇಕು?

ಇದು ಎಲ್ಲಕ್ಕಿಂತ ಸುಲಭ. ಗುರುತು ಮತ್ತು ವಿಳಾಸದ ದಾಖಲೆ, ಪ್ಯಾನ್, ಫೋಟೋ, ಹಳೆಯ ಪಾಸ್‌ಬುಕ್ ಅಥವಾ ರಸೀದಿ ಇದ್ದರೆ ಅದು, ಇವನ್ನು ತೆಗೆದುಕೊಂಡು ಹೋಗಿ ಕೆವೈಸಿ ನವೀಕರಿಸಿ, ಅರ್ಜಿ ಕೊಡಬೇಕು. ಖಾತೆ ಇದ್ದ ಮೂಲ ಶಾಖೆಗೇ ಹೋಗಬೇಕೆಂದಿಲ್ಲ. ಆ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಕೆವೈಸಿ ಮಾಡಿಸಬಹುದು. ಸಹಿ ಮೂವತ್ತು ವರ್ಷದ ಹಿಂದಿನಂತೆ ಬರುವುದಿಲ್ಲ ಎಂದು ಕೆಲವರು ಹೆದರುತ್ತಾರೆ. ಗುರುತು ಖಚಿತವಾದರೆ ಹೊಸ ಸಹಿಯನ್ನು ದಾಖಲಿಸಿಕೊಳ್ಳುತ್ತಾರೆ.

ಖಾತೆದಾರರು ತೀರಿಕೊಂಡಿದ್ದಾರೆ. ನಾಮಿನಿ ಇದ್ದಾರೆ.

ನಾಮಿನಿಯು ಮರಣ ಪ್ರಮಾಣಪತ್ರ, ತಮ್ಮ ಗುರುತಿನ ದಾಖಲೆ ಮತ್ತು ಕ್ಲೇಮ್ ಅರ್ಜಿ ಕೊಟ್ಟರೆ ಬ್ಯಾಂಕ್ ಹಣ ಕೊಡಬೇಕು; ವಾರಸುದಾರರು ಯಾರೆಂದು ನ್ಯಾಯಾಲಯ ಕೊಡುವ ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ ಎನ್ನುವಂತಿಲ್ಲ. ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂಬ ಷರತ್ತಿನ ಜಂಟಿ ಖಾತೆಯಾದರೆ ಬದುಕಿರುವವರಿಗೆ ಅದೇ ರೀತಿ ಕೊಡಬೇಕು.

ಆದರೆ ನಾಮಿನಿಯು ಹಣದ ಒಡೆಯರಲ್ಲ. ಬ್ಯಾಂಕಿನಿಂದ ಹಣ ಪಡೆಯುವ ಅಧಿಕಾರ ಅವರಿಗಿದೆ, ಹಣ ಮಾತ್ರ ಎಲ್ಲ ವಾರಸುದಾರರಿಗೂ ಸೇರಿದ್ದು ಎಂಬುದನ್ನು ಸುಪ್ರೀಂ ಕೋರ್ಟ್ 2010ರ ರಾಮ್ ಚಂದರ್ ತಲ್ವಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಅಣ್ಣನ ಹೆಸರು ನಾಮಿನಿಯಾಗಿದೆ ಎಂಬ ಒಂದೇ ಕಾರಣಕ್ಕೆ ತಂಗಿಯ ಪಾಲು ಇಲ್ಲವಾಗುವುದಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಪಾಲು ತಪ್ಪಿಹೋಗುವುದು ಇಂಥ ಕಡೆಗಳಲ್ಲಿಯೇ.

ನಾಮಿನಿ ಇಲ್ಲ. ಈಗ?

ಹಳೆಯ ಖಾತೆಗಳಲ್ಲಿ ಇದೇ ಸಾಮಾನ್ಯ. ಮೊದಲು ಮರಣ ಪ್ರಮಾಣಪತ್ರ ಪಡೆಯಿರಿ. ಮರಣ ನೋಂದಣಿಯೇ ಆಗಿಲ್ಲದಿದ್ದರೆ ತಡವಾಗಿ ನೋಂದಾಯಿಸಲು ಅಧಿಕಾರಿಯ ಆದೇಶ ಬೇಕಾಗುತ್ತದೆ. ಆ ಕೆಲಸವನ್ನು ಉಳಿದೆಲ್ಲಕ್ಕಿಂತ ಮೊದಲೇ ಹಿಡಿಯಿರಿ. ನಂತರ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ, ಅಥವಾ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರಕ್ಕೆ ಅರ್ಜಿ ಹಾಕಿ. ಅದರಲ್ಲಿ ಯಾರ ಹೆಸರನ್ನೂ ಬಿಡಬೇಡಿ. ಒಂದು ಹೆಸರು ಬಿಟ್ಟುಹೋದರೂ ಮುಂದೆ ಇಡೀ ಪ್ರಕ್ರಿಯೆ ಮೊದಲಿಂದ ಆರಂಭವಾಗುತ್ತದೆ.

ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ, 2026ರ ಮಾರ್ಚ್ 31ರೊಳಗೆ ಜಾರಿಯಾಗಬೇಕೆಂದು ಹೇಳಿದ ನಿರ್ದೇಶನಗಳು ಈ ವಿಷಯದಲ್ಲಿ ಬಹಳ ಉಪಯುಕ್ತ. ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷ ರೂಪಾಯಿವರೆಗಿನ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷದವರೆಗಿನ ಹಣಕ್ಕೆ, ವಾರಸುದಾರರ ನಡುವೆ ತಕರಾರು ಇಲ್ಲದಿದ್ದರೆ, ನ್ಯಾಯಾಲಯಕ್ಕೆ ಹೋಗದೆಯೇ ಸರಳ ವಿಧಾನದಲ್ಲಿ ಹಣ ಕೊಡಬೇಕು. ಅರ್ಜಿ, ಮರಣ ಪ್ರಮಾಣಪತ್ರ, ಗುರುತಿನ ದಾಖಲೆ, ನಷ್ಟಭರ್ತಿ ಬಾಂಡ್ (ಮುಂದೆ ಬೇರೆ ಹಕ್ಕುದಾರರು ಬಂದರೆ ಬ್ಯಾಂಕಿನ ನಷ್ಟ ತುಂಬಿಕೊಡುತ್ತೇವೆಂಬ ಮುಚ್ಚಳಿಕೆ), ಹಣ ಕೇಳದ ವಾರಸುದಾರರ ಒಪ್ಪಿಗೆ ಪತ್ರ ಮತ್ತು ವಾರಸುದಾರರು ಯಾರೆಂಬ ದಾಖಲೆ, ಇವಿಷ್ಟು ಮುಖ್ಯ. ಎಲ್ಲ ದಾಖಲೆ ಕೊಟ್ಟ 15 ದಿನಗಳೊಳಗೆ ಇತ್ಯರ್ಥವಾಗಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ಅದಕ್ಕೆ ಬಡ್ಡಿಯ ರೂಪದಲ್ಲಿ ಪರಿಹಾರ ಕೊಡಬೇಕು. ಮೊತ್ತ ಈ ಮಿತಿ ದಾಟಿದರೆ, ಅಥವಾ ಮನೆಯವರಲ್ಲಿ ಒಮ್ಮತ ಇಲ್ಲದಿದ್ದರೆ, ವಕೀಲರನ್ನು ಕಂಡು ಉತ್ತರಾಧಿಕಾರ ಪ್ರಮಾಣಪತ್ರದ ದಾರಿ ನೋಡಬೇಕಾಗಬಹುದು.

ಅಷ್ಟು ವರ್ಷಕ್ಕೆ ಬಡ್ಡಿ ಸಿಗುತ್ತದೆಯೇ?

ಉಳಿತಾಯ ಖಾತೆಗೆ, ಹಣ ನಿಧಿಗೆ ಹೋಗುವವರೆಗೆ ಬ್ಯಾಂಕಿನ ಉಳಿತಾಯ ಬಡ್ಡಿ ಸೇರುತ್ತದೆ. ನಿಧಿಗೆ ಹೋದ ಮೇಲೆ ರಿಸರ್ವ್ ಬ್ಯಾಂಕ್ ನಿಗದಿಪಡಿಸಿದ ಸರಳ ಬಡ್ಡಿ: 2018ರ ಜೂನ್ 30ರವರೆಗೆ ಶೇ. 4, ಅಲ್ಲಿಂದ 2021ರ ಮೇ 10ರವರೆಗೆ ಶೇ. 3.5, 2021ರ ಮೇ 11ರಿಂದ ಶೇ. 3. ಉದಾಹರಣೆಗೆ 2018ರ ಜುಲೈ 1ರಂದು 40,000 ರೂಪಾಯಿ ನಿಧಿಗೆ ಹೋಗಿದ್ದರೆ, 2021ರ ಮೇ 10ರವರೆಗೆ ಸುಮಾರು 4,000, ಅಲ್ಲಿಂದ ನಾಲ್ಕು ವರ್ಷಕ್ಕೆ 4,800, ಒಟ್ಟು ಸುಮಾರು 8,800 ರೂಪಾಯಿ ಬಡ್ಡಿ. ಚಾಲ್ತಿ ಖಾತೆಗೆ ಮೊದಲಿನಿಂದಲೂ ಬಡ್ಡಿ ಇಲ್ಲದ ಕಾರಣ ಇಲ್ಲಿಯೂ ಇಲ್ಲ. ಹಣ ಕೈಗೆ ಬಂದಾಗ ಬಡ್ಡಿ ಲೆಕ್ಕದ ಹಾಳೆಯನ್ನು ಕೇಳಿ ಪಡೆಯಿರಿ. ಅಸಲು ನಿಮ್ಮದೇ ಹಣವಾದರೂ ಬಡ್ಡಿಯನ್ನು ಆದಾಯ ತೆರಿಗೆ ವಿವರಪಟ್ಟಿಯಲ್ಲಿ ತೋರಿಸಬೇಕು.

ಶಾಖೆಯಲ್ಲಿ ‘ನಮ್ಮ ಸಿಸ್ಟಮ್‌ನಲ್ಲಿ ಇಲ್ಲ’ ಎಂದು ಕಳುಹಿಸಿದರು.

ನನಗೂ ಮೊದಲ ದಿನ ಇದೇ ಉತ್ತರ ಸಿಕ್ಕಿತ್ತು. ಎರಡನೆಯ ಸಲ ಹೋದಾಗ ಬಾಯಿಮಾತಿನಲ್ಲಿ ಕೇಳದೆ, ಪಾಸ್‌ಬುಕ್ಕಿನ ಮೊದಲ ಮತ್ತು ಕೊನೆಯ ಪುಟದ ಜೆರಾಕ್ಸ್ ಇಟ್ಟು, ಶಾಖಾ ವ್ಯವಸ್ಥಾಪಕರ ಹೆಸರಿಗೆ ಅರ್ಜಿ ಬರೆದು, ನನ್ನ ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಮತ್ತು ದಿನಾಂಕ ಹಾಕಿಸಿಕೊಂಡೆ. ಬರವಣಿಗೆಯಲ್ಲಿ ಕೇಳಿದ್ದಕ್ಕೆ ಬರವಣಿಗೆಯಲ್ಲೇ ಉತ್ತರ ಕೊಡಬೇಕಾಗುತ್ತದೆ. ಹಾಗೆ ಉತ್ತರ ಕೊಡಲು ಯಾರಾದರೊಬ್ಬರು ಹಳೆಯ ಕಡತ ತೆರೆಯಲೇಬೇಕು. ಅಲ್ಲಿ ಕೆಲಸ ಮಾಡುವವರು ಹೆಚ್ಚಾಗಿ ವಿಲೀನದ ನಂತರ ಬಂದ ಎಳೆಯರು. ಹಳೆಯ ಬ್ಯಾಂಕಿನ ಲೆಡ್ಜರು ಅವರು ಕಂಡದ್ದೇ ಅಲ್ಲ, ಆದ್ದರಿಂದ ಕೋಪ ಮಾಡಿಕೊಳ್ಳದೆ ವಿವರ ಒದಗಿಸುವುದೇ ಫಲ ಕೊಡುತ್ತದೆ.

ಅರ್ಜಿಗೆ 30 ದಿನಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ಬ್ಯಾಂಕುಗಳ ವಿರುದ್ಧದ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ಉಚಿತವಾಗಿ ದೂರು ಕೊಡಬಹುದು. ಮಾಹಿತಿಗೆ 14448 ಸಂಖ್ಯೆ ಇದೆ. ಆ ಸೀಲು ಹಾಕಿದ ಪ್ರತಿ ಆಗ ಬೇಕೇ ಬೇಕು.

ಪಿಗ್ಮಿ ಕಟ್ಟಿದ್ದರು, ಸೊಸೈಟಿಯಲ್ಲಿ ಇಟ್ಟಿದ್ದರು. ಅದೂ ಸಿಗುತ್ತದೆಯೇ?

ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೇ ಬಂದು ಸಂಗ್ರಹಿಸುವ ಪಿಗ್ಮಿಯನ್ನು ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿತು. ಅಂಥ ಬ್ಯಾಂಕ್ ಪಿಗ್ಮಿಗೂ ಮೇಲಿನ ನಿಯಮಗಳೇ ಅನ್ವಯಿಸುತ್ತವೆ. ಆದರೆ ಪತ್ತಿನ ಸಹಕಾರ ಸಂಘಗಳು ಮತ್ತು ಸೌಹಾರ್ದಗಳು ಬ್ಯಾಂಕುಗಳಲ್ಲ. ಅವುಗಳ ಹಣ ಈ ನಿಧಿಗೆ ಹೋಗುವುದಿಲ್ಲ, ಉದ್ಗಮ್‌ನಲ್ಲಿ ಕಾಣುವುದೂ ಇಲ್ಲ. ಸಂಘದ ಕಚೇರಿಯಲ್ಲಿ, ಅದು ಮುಚ್ಚಿದ್ದರೆ ಸಹಕಾರ ಇಲಾಖೆಯಲ್ಲಿ ವಿಚಾರಿಸಬೇಕು.

ಅಂಚೆ ಕಚೇರಿ, ವಿಮೆ, ಷೇರು?

ಇವು ಬೇರೆ ಬೇರೆ ದಾರಿಗಳು. ಸತತ ಮೂರು ಹಣಕಾಸು ವರ್ಷ ವಹಿವಾಟಿಲ್ಲದ ಅಂಚೆ ಉಳಿತಾಯ ಖಾತೆಯನ್ನು ಅಂಚೆ ಕಚೇರಿಯಲ್ಲಿಯೇ ಕೆವೈಸಿ ಮತ್ತು ಪಾಸ್‌ಬುಕ್ ಕೊಟ್ಟು ಚಾಲ್ತಿಗೆ ತರಬೇಕು. ವಿಮಾ ಹಣಕ್ಕೆ ಆಯಾ ವಿಮಾ ಕಂಪನಿಯ ಜಾಲತಾಣದಲ್ಲಿ ಹುಡುಕುವ ವ್ಯವಸ್ಥೆ ಇದೆ. ಏಳು ವರ್ಷ ಪಡೆಯದ ಲಾಭಾಂಶ ಮತ್ತು ಅದರ ಷೇರುಗಳು ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ಇವೆಲ್ಲವನ್ನೂ ಸೇರಿಸಿ ಕೇಂದ್ರ ಸರ್ಕಾರ 2025ರ ಅಕ್ಟೋಬರ್ 4ರಂದು ‘ನಿಮ್ಮ ಹಣ, ನಿಮ್ಮ ಹಕ್ಕು’ ಎಂಬ ಅಭಿಯಾನವನ್ನು ಗಾಂಧಿನಗರದಲ್ಲಿ ಆರಂಭಿಸಿ, ಆ ವರ್ಷದ ಕೊನೆಯವರೆಗೆ ನಡೆಸಿತು.

ಹಣ ಬಿಡಿಸಿಕೊಡುತ್ತೇವೆ, ಕಮಿಷನ್ ಕೊಡಿ ಎಂದು ಕರೆ ಬಂದಿದೆ.

ಕೊಡಬೇಡಿ. ಹುಡುಕಲು, ಅರ್ಜಿ ಹಾಕಲು, ಖಾತೆ ಚಾಲ್ತಿಗೆ ತರಲು ಯಾವುದಕ್ಕೂ ಶುಲ್ಕವಿಲ್ಲ. ರಿಸರ್ವ್ ಬ್ಯಾಂಕಿನಿಂದ ನಿಮ್ಮ ಹಣದ ಬಗ್ಗೆ ಯಾರೂ ಕರೆ ಮಾಡಿ ಒಟಿಪಿ ಕೇಳುವುದಿಲ್ಲ. ತೀರಿಕೊಂಡವರ ಪಾಸ್‌ಬುಕ್ಕಿನ ಫೋಟೋವನ್ನು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಿ ‘ಯಾರಿಗಾದರೂ ಗೊತ್ತಾ’ ಎಂದು ಕೇಳುವ ಅಭ್ಯಾಸವೂ ಅಪಾಯಕಾರಿ. ಈಗಾಗಲೇ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ.

ನನ್ನ ಮಕ್ಕಳಿಗೆ ಈ ಅಲೆದಾಟ ಬಾರದಂತೆ ಈಗಲೇ ಏನು ಮಾಡಬಹುದು?

ಪ್ರತಿ ಖಾತೆಗೂ ನಾಮಿನಿ ಇದ್ದಾರೆಯೇ ಎಂದು ಈ ತಿಂಗಳೇ ನೋಡಿ. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹಾಕಬಹುದು. ಯಾರಿಗೆ ಎಷ್ಟು ಪಾಲು ಎಂಬುದನ್ನೂ ಬರೆಯಬಹುದು, ಒಬ್ಬರ ನಂತರ ಒಬ್ಬರು ಎಂಬ ಕ್ರಮವನ್ನೂ ಆರಿಸಬಹುದು. ಬಳಸದ ಖಾತೆಗಳನ್ನು ಮುಚ್ಚಿ. ಉಳಿದವುಗಳ ಬ್ಯಾಂಕ್, ಶಾಖೆ, ಖಾತೆ ಸಂಖ್ಯೆ ಮತ್ತು ದಾಖಲೆಯಲ್ಲಿ ಹೆಸರು ಇರುವ ಇಂಗ್ಲಿಷ್ ಕಾಗುಣಿತ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಅದು ಎಲ್ಲಿದೆ ಎಂದು ಮನೆಯಲ್ಲಿ ಇಬ್ಬರಿಗಾದರೂ ಹೇಳಿರಿ. ಪಾಸ್‌ವರ್ಡ್, ಪಿನ್ ಅದರಲ್ಲಿ ಬರೆಯಬೇಡಿ.